ಎರಡು ಕೇಂದ್ರಗಳ ಉಕ್ಕು

ಹೊಸೂರಿನ ಹೆಸರು ಇಂದು ಎಂಜಿನ್ನಿನೊಡನೆ ಬೆಸೆದುಕೊಂಡಿದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಇಲ್ಲಿಂದ; ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ ಆರಂಭವಾದದ್ದೂ ಅದೇ ವರ್ಷ. ಹತ್ತನೆಯ ತರಗತಿ ಮುಗಿಸಿದ ಮಕ್ಕಳ ದೃಷ್ಟಿ ಐಟಿಐ ಕಡೆಗೆ ಹೊರಳುವುದು ಸಹಜ. ಆದರೆ ಕನ್ನಡದಲ್ಲಿ ಕಲಿತ ಗಣಿತ ಅಲ್ಲಿ ಕೈಹಿಡಿದೀತೇ ಎಂಬ ಅಳುಕು ಹೆತ್ತವರಿಗೆ ಇದ್ದೇ ಇದೆ. ಲೇತ್ ಯಂತ್ರದ ಒಂದೇ ಕೆಲಸ, ಕ್ರ್ಯಾಂಕ್‌ಶಾಫ್ಟನ್ನು ಕಡೆಯುವುದು, ಈ ಅಳುಕಿಗೆ ಉತ್ತರ ನೀಡಬಲ್ಲದು.

ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ, ಚಕ್ರವಾದರೋ ಸುತ್ತಬೇಕು. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವುದೇ ಕ್ರ್ಯಾಂಕ್‌ಶಾಫ್ಟ್. ಚನ್ನಪಟ್ಟಣದ ಬೊಂಬೆಯನ್ನು ಕಡೆಯುವಾಗ ಮರಕ್ಕೆ ಒಂದೇ ಕೇಂದ್ರ. ಕ್ರ್ಯಾಂಕ್‌ಶಾಫ್ಟಿನಲ್ಲಿ ಹಾಗಲ್ಲ. ಬೇರಿಂಗಿನಲ್ಲಿ ಕೂರುವ ಜರ್ನಲ್‌ಗಳು ಒಂದು ಅಕ್ಷದ ಮೇಲಿದ್ದರೆ, ಕನೆಕ್ಟಿಂಗ್ ರಾಡ್ ಹಿಡಿಯುವ ಪಿನ್ ಅದರಿಂದ ಸರಿದ ಇನ್ನೊಂದು ಅಕ್ಷದ ಮೇಲಿರುತ್ತದೆ.

ಆದ್ದರಿಂದ ಟರ್ನರ್ ಉಕ್ಕಿನ ತುಂಡಿನ ಎರಡೂ ತುದಿಗಳಲ್ಲಿ ಎರಡೆರಡು ಕೇಂದ್ರಗಳನ್ನು ಗುರುತಿಸುತ್ತಾನೆ. ನಡುಗೇಂದ್ರದ ಮೇಲೆ ಕೂರಿಸಿ ಜರ್ನಲ್ ಕಡೆಯುತ್ತಾನೆ. ಸರಿದ ಕೇಂದ್ರಕ್ಕೆ ಬದಲಿಸಿ ಪಿನ್ ಕಡೆಯುತ್ತಾನೆ. ಆಗ ಭಾರವೆಲ್ಲ ಒಂದು ಬದಿಗೆ ವಾಲುವುದರಿಂದ ಎದುರುಬದಿಗೆ ಸಮತೂಕದ ಭಾರ ಕಟ್ಟಿ, ವೇಗ ತಗ್ಗಿಸಬೇಕಾಗುತ್ತದೆ. ಕೇಂದ್ರಗಳ ನಡುವಣ ಅಂತರ 30 ಮಿಲಿಮೀಟರ್ ಆದರೆ ಪಿಸ್ಟನ್ನಿನ ಓಟ 60. ಗುರುತಿನಲ್ಲಿ 1 ಮಿಲಿಮೀಟರ್ ತಪ್ಪಿದರೆ ಓಟದಲ್ಲಿ 2 ಮಿಲಿಮೀಟರ್ ತಪ್ಪುತ್ತದೆ. ಇಲ್ಲಿ ಬೇಕಾದದ್ದು ತ್ರಿಜ್ಯ, ವ್ಯಾಸ, ಅಕ್ಷಗಳ ತಿಳಿವೇ ಹೊರತು ಬೇರೇನಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪಿನ್ ತನ್ನ ಪಕ್ಕದ ಗೋಡೆಯನ್ನು ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಕಡೆಯಬೇಕು. ಚೂಪು ಮೂಲೆಯಲ್ಲಿ ಒತ್ತಡ ಒಟ್ಟುಗೂಡುತ್ತದೆ. ಲಕ್ಷಾಂತರ ಸುತ್ತುಗಳ ಬಳಿಕ ಬಿರುಕು ಹುಟ್ಟುವುದು ಅಲ್ಲಿಂದಲೇ. ಕೊನೆಯ ನಯವನ್ನು ಗ್ರೈಂಡಿಂಗ್ ಯಂತ್ರ ಕೊಡುತ್ತದೆ. ಆಗಿನ ಅಳತೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೂ ಇಳಿಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಈಗ ಇವೆಲ್ಲ ಗಣಕ ನಡೆಸುವ ಯಂತ್ರಗಳ ಪಾಲು. ಆದರೂ ಯಂತ್ರಕ್ಕೆ ಅಂಕಿ ಕೊಡುವವನು ಕೇಂದ್ರವೆಲ್ಲಿದೆ ಎಂಬುದನ್ನು ಅರಿತಿರಲೇಬೇಕು.

ಕಾರ್ಖಾನೆಯ ಮಾತು ತಮಿಳಿನದೋ ಇಂಗ್ಲಿಷಿನದೋ ಆಗಿರಬಹುದು. ಉಪಕರಣಗಳ ಹೆಸರನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ತ್ರಿಜ್ಯದ ಅರ್ಥ ತಿಳಿಯದವನಿಗೆ ಹೆಸರುಗಳಿಂದ ಪ್ರಯೋಜನವಿಲ್ಲ. ಆ ಅರ್ಥ ತಾಯ್ನುಡಿಯಲ್ಲಿ ಗಟ್ಟಿಯಾಗಿ ನೆಲೆಸಿದ್ದರೆ ಹೊಸ ಹೆಸರು ಅದರ ಮೇಲೆ ತಾನಾಗಿ ಕೂರುತ್ತದೆ.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ರಟ್ಟಿನ ಬಿಲ್ಲೆಯೊಂದನ್ನು ನಡುವೆ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿ, ಸೂಜಿಯಿಂದ 3 ಸೆಂಟಿಮೀಟರ್ ದೂರದಲ್ಲಿ ಚುಕ್ಕೆಯಿಟ್ಟು ಬಿಲ್ಲೆಯನ್ನು ತಿರುಗಿಸಲಿ. ಚುಕ್ಕೆ ಮೇಲಿನಿಂದ ಕೆಳಕ್ಕೆ ಎಷ್ಟು ದೂರ ಇಳಿಯುತ್ತದೆಂದು ಮಕ್ಕಳೇ ಅಳೆಯಲಿ. 6 ಎಂಬ ಉತ್ತರ ಬಂದರೆ ಕ್ರ್ಯಾಂಕ್‌ಶಾಫ್ಟಿನ ಮೊದಲ ಪಾಠ ಮುಗಿದಂತೆ.