ಕ್ಷೇತ್ರ ಪರಿಚಯ: ಸೀಬಿಯ ನರಸಿಂಹಸ್ವಾಮಿ

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಸೀಬಿಯೆಂಬ ಗ್ರಾಮವಿದೆ. ಹಿಂದೆ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದ ವರ್ತಕನೊಬ್ಬನು ಇಲ್ಲಿ ತಂಗಿ, ಬಂಡೆಯೊಂದರ ಮೇಲೆ ಮಡಕೆಯಿಟ್ಟು ಧಾನ್ಯವನ್ನು ಬೇಯಿಸತೊಡಗಿದನಂತೆ. ಅದು ರಕ್ತವರ್ಣಕ್ಕೆ ತಿರುಗಲು ಅವನು ಮೂರ್ಛೆಹೋದನು. ಆಗ ನರಸಿಂಹಸ್ವಾಮಿಯು ಸ್ವಪ್ನದಲ್ಲಿ ತೋರಿ, ಆ ಶಿಲೆಯೇ ತನ್ನ ನೆಲೆಯೆಂದು ತಿಳಿಸಿ, ಗುಡಿ ಕಟ್ಟಿಸುವಂತೆ ಅಪ್ಪಣೆಯಿತ್ತನೆಂದು ಸ್ಥಳಪುರಾಣವು ಹೇಳುತ್ತದೆ.

ಈಗಿನ ದೇವಾಲಯವನ್ನು ಕಟ್ಟಿಸಿದವರು ಟಿಪ್ಪುಸುಲ್ತಾನನ ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನವರ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಸಹೋದರರು. ಮುಖಮಂಟಪದ ಮಾಳಿಗೆಯ ಒಳಮೈಯಲ್ಲಿ ಪುರಾಣಕಥೆಗಳೂ ರಾಜಸಭೆಯ ವೈಭವವೂ ವರ್ಣಚಿತ್ರಗಳಾಗಿ ಮೂಡಿವೆ.

ಮಾಘಮಾಸದ ಜಾತ್ರೆಗೆ ಹೋಗುವ ಗೃಹಸ್ಥರು, ಸ್ವಾಮಿಗೆ ಕೈಮುಗಿದ ಬಳಿಕ ತಲೆಯೆತ್ತಿ ಈ ಕಥೆಗಳನ್ನು ಮಕ್ಕಳಿಗೆ ವಿವರಿಸಬೇಕು. ಆದರೆ ಚಿತ್ರಗಳ ಕೆಳಗೆ ಕರ್ಪೂರ ಹಚ್ಚಬಾರದು. ಬಣ್ಣಕ್ಕೆ ಕೈ ಸೋಕಿಸಬಾರದು. ಹೊಗೆ ಮುಸುಕಿ ಅಳಿದ ರೇಖೆಯು ಮರಳಿ ಬಾರದು. ಹಿರಿಯರು ಬರೆಯಿಸಿಟ್ಟುದನ್ನು ಕೆಡದಂತೆ ಕಾಯುವುದೂ ಸ್ವಾಮಿಯ ಸೇವೆಯೇ ಸರಿ.