ಕೋರ್ಟಿಗಿಂತ ಮೊದಲೇ ತೀರ್ಪು

ಯಾರನ್ನಾದರೂ ಪೊಲೀಸರು ಬಂಧಿಸಿದರೆ ಮರುದಿನ ಪತ್ರಿಕೆಯ ಮುಖಪುಟದಲ್ಲಿ ಅವರ ಭಾವಚಿತ್ರವಿರುತ್ತದೆ. ಟಿ.ವಿ.ಯಲ್ಲಂತೂ ಇಡೀ ದಿನ ಅದೇ ಸುದ್ದಿ. ವರ್ಷಗಳ ನಂತರ ಅದೇ ವ್ಯಕ್ತಿ ನಿರಪರಾಧಿ ಎಂದು ನ್ಯಾಯಾಲಯ ಹೇಳಿದರೆ ಅದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗುತ್ತದೆ. ಮೊದಲನೆಯದು ನಮ್ಮ ನೆನಪಿನಲ್ಲಿ ಉಳಿಯುತ್ತದೆ. ಎರಡನೆಯದು ಕಣ್ಣಿಗೇ ಬೀಳುವುದಿಲ್ಲ.

1994ರ ಇಸ್ರೋ ಗೂಢಚರ್ಯೆ ಪ್ರಕರಣ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಾಲ್ದೀವ್ಸ್‌ನ ಮರಿಯಂ ರಶೀದಾ ಆ ವರ್ಷದ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ಬಂಧಿತರಾದರು. ಮೊದಲಿಗೆ ಅವರ ಮೇಲಿದ್ದ ಆರೋಪ ಅವಧಿ ಮೀರಿ ಭಾರತದಲ್ಲಿ ಉಳಿದರೆಂಬುದಷ್ಟೇ. ಮಗಳ ಶಿಕ್ಷಣಕ್ಕಾಗಿ ಬೆಂಗಳೂರಿಗೆ ಬಂದಿದ್ದ ಫೌಝಿಯಾ ಹಸನ್ ಎಂಬ ಇನ್ನೊಬ್ಬ ತಾಯಿಯೂ ಬಂಧನಕ್ಕೊಳಗಾದರು. ನವೆಂಬರ್ ಕೊನೆಯಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನೂ ಬಂಧಿಸಲಾಯಿತು. ಅಷ್ಟರಲ್ಲಿ ಪತ್ರಿಕೆಗಳು ಕತೆ ಹೆಣೆದಾಗಿತ್ತು. ರಾಕೆಟ್ ರಹಸ್ಯ ಕದಿಯಲು ಬಂದ ಮೋಹಿನಿಯರೆಂಬಂತೆ ಆ ಇಬ್ಬರು ಮಹಿಳೆಯರನ್ನು ಚಿತ್ರಿಸಲಾಯಿತು. ಅವರ ಶೀಲದ ಬಗ್ಗೆ ದಿನಕ್ಕೊಂದು ಕತೆ ಅಚ್ಚಾಯಿತು.

1996ರಲ್ಲಿ ಸಿಬಿಐ ಈ ಆರೋಪಗಳು ಸುಳ್ಳೆಂದು ವರದಿ ನೀಡಿತು. ನ್ಯಾಯಾಲಯ ಅದನ್ನು ಒಪ್ಪಿತು. ಮರುತನಿಖೆಗೆ ಕೇರಳ ಸರಕಾರ ಹೊರಡಿಸಿದ್ದ ಆದೇಶವನ್ನು 1998ರಲ್ಲಿ ಸುಪ್ರೀಮ್ ಕೋರ್ಟ್ ರದ್ದುಪಡಿಸಿತು. ಅಷ್ಟರೊಳಗೆ ಆ ಮಹಿಳೆಯರ ಬದುಕಿನ ಸುಮಾರು ಮೂರು ವರ್ಷ ಜೈಲಿನಲ್ಲಿ ಕಳೆದಿತ್ತು. 2018ರಲ್ಲಿ ನಂಬಿ ನಾರಾಯಣನ್‌ರಿಗೆ 50 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸುಪ್ರೀಮ್ ಕೋರ್ಟ್ ಆದೇಶಿಸಿತು. ಆದರೆ ಕಳೆದುಹೋದ ಮಾನಕ್ಕೆ ಬೆಲೆ ಕಟ್ಟುವವರು ಯಾರು?

ಹಾಗಾದರೆ ಕಾನೂನಿಲ್ಲವೇ? ಇದೆ. ವಿಚಾರಣೆಗೆ ಅಡ್ಡಿಯಾಗುವಂತೆ ಬರೆಯುವುದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿ ಅಪರಾಧವಾಗಬಹುದು. ಆದರೆ ಪೊಲೀಸರು ದಾಖಲಿಸಿದ ಮೊಕದ್ದಮೆಯಲ್ಲಿ ಆರೋಪಪಟ್ಟಿ ಸಲ್ಲಿಕೆಯಾದ ಅಥವಾ ಕೋರ್ಟ್ ಸಮನ್ಸ್, ವಾರಂಟ್ ಹೊರಡಿಸಿದ ಬಳಿಕವೇ ಈ ರಕ್ಷಣೆ ಆರಂಭವಾಗುತ್ತದೆ. ಮಾಧ್ಯಮಗಳ ಅಬ್ಬರ ಅತಿ ಹೆಚ್ಚಿರುವುದು ಅದಕ್ಕಿಂತ ಮೊದಲು, ಬಂಧನದ ಆ ಮೊದಲ ದಿನಗಳಲ್ಲಿ! ಬಂಧನದ ಕ್ಷಣದಿಂದಲೇ ಈ ರಕ್ಷಣೆ ಇರಬೇಕೆಂದು ಕಾನೂನು ಆಯೋಗ 2006ರಲ್ಲಿ ತನ್ನ 200ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಪೊಲೀಸರು ಮಾಧ್ಯಮಗಳಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬ ಬಗ್ಗೆ ಕೈಪಿಡಿ ಸಿದ್ಧಪಡಿಸುವಂತೆ 2023ರಲ್ಲಿ ಸುಪ್ರೀಮ್ ಕೋರ್ಟ್ ಕೇಂದ್ರಕ್ಕೆ ಸೂಚಿಸಿತು.

ಮಾಧ್ಯಮಗಳ ಬಾಯಿ ಮುಚ್ಚಿಸಬೇಕು ಎಂದು ಇದರರ್ಥವಲ್ಲ. ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದ ಆರೋಪಿಗಳು 2006ರ ಫೆಬ್ರವರಿಯಲ್ಲಿ ಖುಲಾಸೆಗೊಂಡಾಗ ದನಿಯೆತ್ತಿದ್ದು ಮಾಧ್ಯಮಗಳೇ. ಅದೇ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಮುಖ್ಯ ಆರೋಪಿಗೆ ಶಿಕ್ಷೆ ವಿಧಿಸಿತು. ಪ್ರಭಾವಿಗಳ ಎದುರು ಸಾಕ್ಷಿಗಳು ತಿರುಗಿ ಬಿದ್ದಾಗ ಪ್ರಶ್ನಿಸುವುದು ಪತ್ರಿಕಾಧರ್ಮ. ಆದರೆ ಪ್ರಶ್ನೆ ಕೇಳುವುದು ಬೇರೆ, ತಾನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಬೇರೆ.

ಸಹೋದರಿಯರೇ, ಓದುವವರು, ನೋಡುವವರು ಇರುವುದರಿಂದಲೇ ಇಂತಹ ಕತೆಗಳು ಮಾರಾಟವಾಗುತ್ತವೆ. ಆದ್ದರಿಂದ ನಮ್ಮ ಪಾಲೂ ಇದರಲ್ಲಿದೆ. ಇನ್ನು ಮುಂದೆ ಇಂತಹ ಸುದ್ದಿ ಓದುವಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದನ್ನು ಹೇಳಿದವರು ಯಾರು? ಪೊಲೀಸರೇ, ನ್ಯಾಯಾಲಯವೇ, ಹೆಸರು ಹೇಳದ 'ಮೂಲ'ಗಳೇ? ಆರೋಪಿಯ ಮಾತು ಎಲ್ಲಿದೆ? ಆರೋಪಿ ಮತ್ತು ಅಪರಾಧಿ ಎಂಬ ಎರಡು ಪದಗಳ ವ್ಯತ್ಯಾಸವನ್ನು ಮಕ್ಕಳಿಗೂ ತಿಳಿಸಿಕೊಡಿ. ಮೊಬೈಲ್‌ಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ, ಆ ಚಿತ್ರದಲ್ಲಿರುವವಳಿಗೂ ಒಂದು ಮನೆಯಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ ಎಂಬುದನ್ನು ನೆನೆಯಿರಿ. ತೀರ್ಪು ಬರಲು ವರ್ಷಗಳು ಬೇಕಾಗಬಹುದು. ಅಲ್ಲಿಯವರೆಗೆ ನಮ್ಮ ನಾಲಿಗೆಯನ್ನು ತಡೆದುಕೊಳ್ಳಲು ಯಾವ ಕೋರ್ಟಿನ ಆದೇಶವೂ ಬೇಕಾಗಿಲ್ಲ.