ಹೆದರಿದ ಲೆಕ್ಕ, ಹಸಿದ ಹೊಟ್ಟೆ

ದೇಶದ ದುಡಿಮೆಯನ್ನೆಲ್ಲ ಒಂದೇ ಯೋಜನೆಗೆ ಒಳಪಡಿಸಿದರೆ ದಾರಿದ್ರ್ಯವು ತೊಲಗುವುದೆಂಬ ನಂಬುಗೆಯು ಕಮ್ಯೂನಿಸ್ಟ್ ರಾಷ್ಟ್ರಗಳ ಮೂಲಮಂತ್ರವಾಗಿತ್ತು. ಅದರ ಹಿಂದಿನ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯೋಜನೆಯೆಂಬುದು ಅಂಕಿಗಳ ಅಡಿಪಾಯದ ಮೇಲೆ ನಿಂತ ಮನೆ. ಅಂಕಿಗಳನ್ನು ಹೇಳತಕ್ಕವನೇ ಭಯಗ್ರಸ್ತನಾದರೆ ಆ ಮನೆಯ ಗತಿಯೇನು? ಚೀನ ದೇಶದ ಅನುಭವವು ಇದಕ್ಕೆ ಉತ್ತರವನ್ನಿತ್ತಿದೆ.

1958ನೆಯ ಇಸವಿಯಲ್ಲಿ ಮಾವೋ ಅವರ ಸರಕಾರವು ‘ಮಹಾ ಜಿಗಿತ’ವನ್ನು ಸಾರಿತು. ಹಳ್ಳಿಗಳ ಸಂಘಗಳನ್ನೆಲ್ಲ ಕೂಡಿಸಿ ದೊಡ್ಡ ದೊಡ್ಡ ಕಮ್ಯೂನುಗಳನ್ನು ರಚಿಸಲಾಯಿತು. ಹೊಲದಲ್ಲಿರಬೇಕಾದ ರೈತರನ್ನು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಅಟ್ಟಲಾಯಿತು. ಮೇಲಿನವರ ಮೆಚ್ಚುಗೆಗಾಗಿ ಅಧಿಕಾರಿಗಳು ಒಬ್ಬರನ್ನೊಬ್ಬರು ಮೀರಿಸಿ ಬೆಳೆಯ ವರದಿಗಳನ್ನು ಕಳುಹಿದರು. ಆ ವರ್ಷದ ಧಾನ್ಯವು 37 ಕೋಟಿ 50 ಲಕ್ಷ ಟನ್ನೆಂದು ಘೋಷಣೆಯಾಯಿತು. ನಿಜವಾಗಿ ಬೆಳೆದದ್ದು ಸುಮಾರು 20 ಕೋಟಿ ಟನ್ ಮಾತ್ರ! ಕಾಗದದ ಮೇಲಿನ ಬೆಳೆಗೆ ತಕ್ಕ ಪಾಲನ್ನು ಸರಕಾರವು ರೈತನ ಕಣಜದೊಳಗಿನ ಕಾಳಿನಿಂದಲೇ ವಸೂಲು ಮಾಡಿತು. ಹಳ್ಳಿಗಳು ಉಪವಾಸ ಬೀಳುತ್ತಿರಲು, 1959ರಲ್ಲಿಯೂ ಧಾನ್ಯವು ಪರದೇಶಗಳಿಗೆ ರಫ್ತಾಗುತ್ತಲೇ ಇತ್ತು.

ಎಚ್ಚರಿಸುವವರು ಇರಲಿಲ್ಲವೆಂದಲ್ಲ. 1959ರ ಜುಲೈಯಲ್ಲಿ ರಕ್ಷಣಾಮಂತ್ರಿ ಪೆಂಗ್ ದೆಹುವಾಯ್ ಅವರು ಲೂಷಾನ್ ಸಭೆಯ ಕಾಲಕ್ಕೆ ಮಾವೋ ಅವರಿಗೆ ಪತ್ರ ಬರೆದು ದೋಷಗಳನ್ನು ತೋರಿಸಿಕೊಟ್ಟರು. ಅದರ ಫಲವಾಗಿ ಪದವಿಯನ್ನು ಕಳೆದುಕೊಂಡರು. ಮಂತ್ರಿಗೇ ಈ ಗತಿಯಾದ ಮೇಲೆ ಹಳ್ಳಿಯ ಕರಣಿಕನು ಬಾಯಿ ತೆರೆದಾನೆಯೆ? 1961ರ ವರೆಗೂ ಕ್ಷಾಮವು ಮುಂದುವರಿಯಿತು. ಮಡಿದವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಇಪ್ಪತ್ತು ವರುಷಗಳ ತರುವಾಯ, 1978ರ ಕೊನೆಯಲ್ಲಿ, ಅನ್ಹುಯಿ ಪ್ರಾಂತದ ಷಿಯಾವೊಗಾಂಗ್ ಎಂಬ ಹಳ್ಳಿಯ 18 ಮಂದಿ ರೈತರು ಗುಟ್ಟಾಗಿ ಕರಾರುಪತ್ರವೊಂದಕ್ಕೆ ಹೆಬ್ಬೆಟ್ಟೊತ್ತಿ ಹೊಲಗಳನ್ನು ಮನೆಮನೆಗೆ ಹಂಚಿಕೊಂಡರು. ಡೆಂಗ್ ಷಿಯಾವೊಪಿಂಗರ ಕಾಲದಲ್ಲಿ ಅದೇ ಪದ್ಧತಿಯು ದೇಶಕ್ಕೆಲ್ಲ ಹಬ್ಬಿತು, ಕಮ್ಯೂನುಗಳು ಮುರಿದವು. ರೈತನಿಗೆ ದೊರೆತ ಹೆಚ್ಚಿನ ಬೆಲೆಯೂ ಗೊಬ್ಬರವೂ ಸೇರಿ, 1978ರಲ್ಲಿ ಸುಮಾರು 30 ಕೋಟಿ ಟನ್ನಿದ್ದ ಧಾನ್ಯವು 1984ರಲ್ಲಿ 40 ಕೋಟಿಯನ್ನು ದಾಟಿತು.

ಆದರೂ ಈ ಸುಧಾರಣೆಯು ಅರ್ಧವೇ ಸರಿ. ರೈತನಿಗೆ ಬೆಳೆ ದೊರೆಯಿತು, ನಾಲಗೆ ದೊರೆಯಲಿಲ್ಲ. ಪಾಟೀಸವಾಲಿಗೆ ಗುರಿಯಾಗದ ಸಾಕ್ಷ್ಯವನ್ನು ನ್ಯಾಯಾಲಯವು ನೆಚ್ಚುವುದಿಲ್ಲ. ಪ್ರಶ್ನಿಸುವವರಿಲ್ಲದ ಅಂಕಿಗಳನ್ನು ರಾಷ್ಟ್ರವೂ ನೆಚ್ಚಲಾಗದು. ಯೋಜನೆ ಬೇಕೆನ್ನುವವರು ಮೊದಲು ‘ಬೆಳೆ ಬಂದಿಲ್ಲ’ವೆಂದು ನಿರ್ಭಯವಾಗಿ ಹೇಳುವ ಹಕ್ಕನ್ನು ಕಟ್ಟಕಡೆಯ ರೈತನಿಗೂ ಕೊಡಲಿ.